ಚಕ್ರ ಹಾಕಲು ಕೊಟ್ಟ ಕಾರು

"ಬುದ್ಧಿ, ತಪ್ಪು ಒಪ್ಪಿಕೊಂಡಾಯಿತು. ಅವರೂ ಕ್ಷಮಿಸಿಬಿಟ್ಟರು. ಆದರೂ ನಾಚಿಕೆ ಯಾಕೆ ಹೋಗುವುದಿಲ್ಲ?"

ಗುರುಸಿದ್ಧ ಹೀಗೆ ಕೇಳಿದ್ದು ಬೆಳಗಿನ ಪೂಜೆ ಮುಗಿದ ಮೇಲೆ, ಗುರುಗಳು ಮಠದ ಜಗಲಿಯಲ್ಲಿ ಒಬ್ಬರೇ ಕೂತಿದ್ದಾಗ. ಅವನು ಮಠದ ಕಚೇರಿ ನೋಡಿಕೊಳ್ಳುವ ಶಿಷ್ಯ, ನಲವತ್ತು ದಾಟಿದವನು. ಸಾಮಾನ್ಯವಾಗಿ ಗುರುಗಳ ಮುಂದೆ ತಲೆ ಎತ್ತಿ ಮಾತಾಡುವವನು, ಇವತ್ತು ನೆಲ ನೋಡುತ್ತ ನಿಂತಿದ್ದ.

"ಯಾವ ತಪ್ಪು?" ಎಂದು ಗುರುಗಳು ಕೇಳಿದರು.

ನಡೆದದ್ದು ಇಷ್ಟು. ದಾಸೋಹದ ಅಡುಗೆ ಮಾಡುವ ಪುಟ್ಟಮಾದಪ್ಪನ ಅಣ್ಣನಿಗೆ ಕಾಯಿಲೆ ಜೋರಾಗಿತ್ತು. ತಮ್ಮನನ್ನು ಒಂದು ಸಲ ನೋಡಬೇಕು ಅನ್ನುತ್ತಿದ್ದಾನೆ, ಕೂಡಲೇ ಕಳಿಸಿ ಎಂದು ಊರಿನಿಂದ ಮಠದ ಕಚೇರಿಗೆ ಫೋನ್ ಬಂತು. ಫೋನ್ ಎತ್ತಿದವನು ಗುರುಸಿದ್ಧ. ಸುದ್ದಿ ಪುಟ್ಟಮಾದಪ್ಪನಿಗೆ ಮುಟ್ಟಿದ್ದು ಎರಡು ದಿನ ಕಳೆದ ಮೇಲೆ. ಅವನು ಬಸ್ಸು ಹತ್ತಿ ಊರು ಸೇರುವಷ್ಟರಲ್ಲಿ ಅಣ್ಣನನ್ನು ಮಣ್ಣು ಮಾಡಿ ಮುಗಿದಿತ್ತು. ತಿರುಗಿ ಬಂದವನ ಎರಡೂ ಕೈ ಹಿಡಿದುಕೊಂಡು ಗುರುಸಿದ್ಧ, ಮರೆತುಬಿಟ್ಟೆ ಮಾದಪ್ಪಾ, ದೊಡ್ಡ ತಪ್ಪಾಯಿತು ಎಂದು ಅತ್ತ. ಪುಟ್ಟಮಾದಪ್ಪ, "ಮರೆವು ಯಾರಿಗಿಲ್ಲ ಸ್ವಾಮಿ, ಬಿಡಿ" ಅಂದ. ಆ ಮಧ್ಯಾಹ್ನವೇ ಎಂದಿನಂತೆ ಗುರುಸಿದ್ಧನ ತಟ್ಟೆಗೆ ಮುದ್ದೆ ಹಾಕಿ ಸಾರು ಬಿಟ್ಟ.

"ಅವನು ಬಡಿಸಿದ ಮುದ್ದೆ ಗಂಟಲಲ್ಲಿ ಇಳಿಯುತ್ತಿಲ್ಲ ಬುದ್ಧಿ," ಎಂದ ಗುರುಸಿದ್ಧ. "ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು. ಕ್ಷಮಿಸಿದ ಮೇಲೆ ಹಗುರಾಗಬೇಕಲ್ಲವೇ? ನನಗೆ ದಿನದಿಂದ ದಿನಕ್ಕೆ ಭಾರವಾಗುತ್ತಿದೆ."

ಗುರುಗಳು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಹೇಳಿ ಶುರು ಮಾಡಿದರು.

ಒಂದು ಪಟ್ಟಣದಲ್ಲಿ ಒಬ್ಬ ಕುಸುರಿಗಾರನಿದ್ದ. ಅವನ ಕಸುಬು ಏನು ಗೊತ್ತೇ? ಅಂಗೈ ಮೇಲೆ ಕೂರುವ ಪುಟ್ಟ ಪುಟ್ಟ ಕಾರುಗಳಿಗೆ ಹೊಸ ರೂಪ ಕೊಡುವುದು. ನಗಬೇಡ. ಲೋಹ ಕರಗಿಸಿ ಅಚ್ಚಿನಲ್ಲಿ ಎರೆದು ಮಾಡಿದ ಕಾರುಗಳು, ಡೈಕಾಸ್ಟ್ ಅನ್ನುತ್ತಾರೆ. ಮಕ್ಕಳು ಆಡಿಕೊಳ್ಳಲಿ ಎಂದು ಮಾಡಿದ್ದನ್ನು ದೊಡ್ಡವರು ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟುಕೊಳ್ಳುತ್ತಾರೆ. ಅಂಥವರು ಅಂಗಡಿಯಿಂದ ತಂದದ್ದರಲ್ಲಿ ತೃಪ್ತಿಪಡುವುದಿಲ್ಲ. ನನ್ನ ಕಾರು ಯಾರ ಬಳಿಯೂ ಇಲ್ಲದ ಹಾಗಿರಬೇಕು ಅನ್ನುತ್ತಾರೆ. ಅವರೆಲ್ಲ ಇವನ ಬಾಗಿಲಿಗೆ ಬರುತ್ತಿದ್ದರು.

ಅವನು ಕಾರಿನ ತಳದಲ್ಲಿರುವ ರಿವೆಟ್ಟನ್ನು ಸಣ್ಣ ಡ್ರಿಲ್ಲಿನಿಂದ ಕೊರೆದು ತಳ ಬಿಚ್ಚುತ್ತಿದ್ದ. ಗಾಜು, ಸೀಟು, ಬಂಪರು ಎಲ್ಲ ಬೇರೆ ಮಾಡುತ್ತಿದ್ದ. ಬರಿ ಮೈಯನ್ನು ಒಂದು ತಂತಿಗೆ ಸಿಕ್ಕಿಸಿ ಬಣ್ಣ ಕಳಚುವ ದ್ರವದಲ್ಲಿ ಅದ್ದುತ್ತಿದ್ದ. ಹಳೆ ಬಣ್ಣ ಹೋಗಿ ಬೂದು ಲೋಹ ಉಳಿದ ಮೇಲೆ ಪ್ರೈಮರು, ಆಮೇಲೆ ಹೊಸ ಬಣ್ಣ. ಆಮೇಲೆ ನಾಲ್ಕು ಕೂದಲಿನ ಕುಂಚ ಹಿಡಿದು ಬಾಗಿಲಿನ ಗೀಟು, ದೀಪದ ಅಂಚು, ನಂಬರ್ ಪ್ಲೇಟಿನ ಅಕ್ಷರ. ಭೂತಗನ್ನಡಿಯಲ್ಲಿ ನೋಡಿದರೂ ಒಂದು ಗೀಟು ಓರೆ ಕಾಣುತ್ತಿರಲಿಲ್ಲ. ಹೊಸ ಕಾರಿಗೆ ತುಕ್ಕು ಹಿಡಿದ ಹಾಗೆ, ಕೆಸರು ಸಿಡಿದ ಹಾಗೆ ಬಣ್ಣ ಹಚ್ಚುವುದರಲ್ಲೂ ಅವನದು ಎತ್ತಿದ ಕೈ. ನಿಜವಾದ ತುಕ್ಕೇ ಇರಬೇಕು ಎಂದು ನೋಡಿದವರು ಉಗುರಿನಿಂದ ಕೆರೆಯುತ್ತಿದ್ದರು.

ಇಷ್ಟೆಲ್ಲ ಕೈಚಳಕ ಇದ್ದವನಿಗೆ ಜಂಬ ಇರದೆ ಇರುತ್ತದೆಯೇ? ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ, ಮನುಷ್ಯನಿಗಿಂತ ಹೆಸರು ದೊಡ್ಡದಾಗಿತ್ತು. ನನ್ನ ಮೇಜಿನಿಂದ ಹೊರಗೆ ಹೋಗುವ ಕಾರು ನನ್ನ ಮರ್ಯಾದೆ ಹೊತ್ತುಕೊಂಡು ಹೋಗುತ್ತದೆ ಎಂದು ಅವನು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಅವನ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಇಂಥ ಕಾರು ಕೂಡಿಡುವ ಪೈಕಿ ಅಲ್ಲ. ಹೊಲಿಗೆ ಹಾಕಿ ಜೀವನ ಮಾಡುವವಳು. ಹಳೆ ರವಿಕೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಕಾರನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ನೀಲಿ ಬಣ್ಣದ ಅಂಬಾಸಿಡರ್. ಒರೆಸುವಾಗ ಬಿದ್ದು ಮುಂದಿನ ಚಕ್ರಗಳ ಅಚ್ಚುಕಡ್ಡಿ ಬಾಗಿ ಒಂದು ಚಕ್ರ ಕಳಚಿ ಹೋಗಿತ್ತು. ಅದರ ಮೇಲೆ ಯಾರೋ ಕೈಯಿಂದ ಚಿತ್ರ ಬರೆದಿದ್ದರು. ಬಾನೆಟ್ಟಿನ ಮೇಲೆ ಒಂದು ತಾವರೆ, ಎರಡು ಬಾಗಿಲ ಮೇಲೆ ಎರಡು ಗಿಳಿ, ಸುತ್ತ ಹಳದಿ ಅಂಚು, ಹಿಂದೆ ಡಿಕ್ಕಿಯ ಮೇಲೆ 'ಸುಗುಣ' ಎಂಬ ಹೆಸರು. ಒಂದಾದರೂ ನೆಟ್ಟಗಿರಲಿಲ್ಲ. ಅಂಚಿನ ಗೀಟು ಹಾವು ಹರಿದ ಹಾಗಿತ್ತು. ಗಿಳಿಯ ಕೊಕ್ಕು ಒಂದು ಕಡೆ, ಕಣ್ಣು ಇನ್ನೊಂದು ಕಡೆ.

"ಚಕ್ರ ಒಂದು ಕೂರಿಸಿಕೊಡಿ ಅಣ್ಣಾ. ಬಣ್ಣ ಮಾತ್ರ ಮುಟ್ಟಬೇಡಿ. ಯಾಕೆ ಅಂದ್ರೆ..." ಎಂದು ಅವಳು ಏನೋ ಹೇಳಲು ಹೋದಳು.

ಆಗಲೇ ಅವನ ಫೋನ್ ಹೊಡೆದುಕೊಂಡಿತು. ದೊಡ್ಡ ಗಿರಾಕಿ. "ಆಯಿತಮ್ಮ, ಮುಟ್ಟೋದಿಲ್ಲ, ನಾಲ್ಕು ದಿನ ಬಿಟ್ಟು ಬನ್ನಿ," ಎಂದು ಕೈಸನ್ನೆ ಮಾಡಿ ಅವಳನ್ನು ಕಳಿಸಿಬಿಟ್ಟ. ಅವಳ 'ಯಾಕೆ' ಬಾಗಿಲು ದಾಟಿ ಹೊರಟುಹೋಯಿತು.

ಇಲ್ಲಿಯವರೆಗೆ ಅವನು ಕೆಟ್ಟವನೇನಲ್ಲ, ಅವಸರದವನು ಅಷ್ಟೆ. ಮುಂದೆ ಕೇಳು.

ಮಾರನೆಯ ದಿನ ಬೇರೆ ಊರಿನಿಂದ ಒಬ್ಬ ಸಂಗ್ರಹಕಾರ ಬಂದ. ತನ್ನ ಕಾರು ತೆಗೆದುಕೊಂಡು, ಹೊಗಳಿ, ಹೊರಡುವಾಗ ಮೇಜಿನ ಮೂಲೆಯಲ್ಲಿದ್ದ ಆ ಅಂಬಾಸಿಡರ್ ಅವನ ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡು ನಕ್ಕ. "ಏನ್ರೀ ಇದು! ಇದೂ ನಿಮ್ಮ ಕೈಯದೇನಾ?"

ಕೇಳಿದವನು ತಮಾಷೆಗೆ ಕೇಳಿದ್ದು. ಕುಸುರಿಗಾರನಿಗೆ ಮಾತ್ರ ನಾಲ್ಕು ಜನರ ಮುಂದೆ ಪಂಚೆ ಬಿಚ್ಚಿದ ಹಾಗಾಯಿತು. "ಛೇ ಛೇ, ಯಾರೋ ಚಕ್ರ ಹಾಕೋಕೆ ಕೊಟ್ಟಿದ್ದಾರೆ," ಅಂದ. ಬಂದವನು ಹೋದ ಮೇಲೂ ಆ ನಗು ಅಂಗಡಿ ಬಿಟ್ಟು ಹೋಗಲಿಲ್ಲ. ಈ ಕಾರು ನನ್ನ ಚಕ್ರ ಹಾಕಿಕೊಂಡು ಹೋಗುತ್ತದೆ, ನೋಡಿದವರೆಲ್ಲ ಯಾರು ಮಾಡಿದ್ದು ಎಂದು ಕೇಳುತ್ತಾರೆ, ನನ್ನ ಹೆಸರು ಹೇಳುತ್ತಾರೆ ಎಂದು ಅವನು ಲೆಕ್ಕ ಹಾಕಿದ. ಆ ಹಾವಿನಂಥ ಗೀಟನ್ನು ನೋಡಿದಷ್ಟೂ ಅವನ ಮೈ ಉರಿಯಿತು.

ಆಗ ಅವನ ಮನಸ್ಸು ಒಂದು ಉಪಾಯ ಮಾಡಿತು. ಮನಸ್ಸಿಗೆ ಇಂಥ ಉಪಾಯ ಯಾರೂ ಕಲಿಸಬೇಕಾಗಿಲ್ಲ. ಪಾಪ, ಬಡ ಹೆಂಗಸು, ಬಣ್ಣಕ್ಕೆ ಎಷ್ಟು ಕೇಳುತ್ತಾನೋ ಎಂದು ಹೆದರಿ ಮುಟ್ಟಬೇಡಿ ಅಂದಿದ್ದಾಳೆ. ನಾನೇ ಪುಕ್ಕಟೆಯಾಗಿ ಮಾಡಿಕೊಡುತ್ತೇನೆ. ಅದೇ ತಾವರೆ, ಅದೇ ಗಿಳಿ, ಅದೇ ಹೆಸರು, ನೆಟ್ಟಗೆ ಬರೆದುಕೊಡುತ್ತೇನೆ. ನೋಡಿ ಸಂತೋಷಪಡುತ್ತಾಳೆ. ಹೀಗೆ ಅಂದುಕೊಂಡ. ಅಂದುಕೊಂಡ ಏನು, ನಂಬಿಬಿಟ್ಟ. ಉಪಕಾರ ಮಾಡುತ್ತಿದ್ದೇನೆ ಎಂದು ಅವನಿಗೆ ಒಳಗೊಳಗೇ ಖುಷಿಯೂ ಆಯಿತು.

ಗಾಜು ಕಿತ್ತ. ಬಂಪರು ಕಿತ್ತ. ಮೈಯನ್ನು ತಂತಿಗೆ ಸಿಕ್ಕಿಸಿ ದ್ರವದ ಜಾಡಿಯ ಮೇಲೆ ನೇತುಹಾಕಿದ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ತೋರಿಸಲು ಪ್ರತಿ ಕೆಲಸಕ್ಕೂ ಫೋಟೋ ತೆಗೆದು ಪ್ರಿಂಟ್ ಹಾಕಿಸಿಡುವುದು ಅವನ ಪದ್ಧತಿ. ಹಾಗೆಯೇ ನಾಲ್ಕೂ ಕಡೆಯಿಂದ ನಾಲ್ಕು ಫೋಟೋ ತೆಗೆದ. ಆಮೇಲೆ ಅದ್ದಿದ. ಹತ್ತು ನಿಮಿಷಕ್ಕೆ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ತಾವರೆ ಹೋಯಿತು, ಗಿಳಿಗಳು ಹೋದವು, ಸುಗುಣ ಎಂಬ ಹೆಸರೂ ಹೋಯಿತು. ನಲ್ಲಿಯ ಕೆಳಗೆ ತೊಳೆದು ಒಣಗಲು ಇಟ್ಟ.

ಅದೇ ಮಧ್ಯಾಹ್ನ ಅವಳು ಮತ್ತೆ ಬಂದಳು. ಕಾರಿಗಲ್ಲ. ಅವಳ ಕೈಯಲ್ಲಿ ಮದುವೆ ಕಾಗದಗಳ ಚೀಲ ಇತ್ತು. ಆ ಬೀದಿಯಲ್ಲಿ ಹಂಚುತ್ತ ಬಂದವಳು ಇವನಿಗೂ ಒಂದು ಕೊಟ್ಟಳು. ಇವನು ಗಾಬರಿಯಿಂದ ಒಣಗಲು ಇಟ್ಟಿದ್ದರ ಮೇಲೆ ಒಂದು ಬಟ್ಟೆ ಎಳೆದ.

"ಮಗಳ ಮದುವೆ ಅಣ್ಣಾ, ನೀವೂ ಬರಬೇಕು. ಆ ಕಾರು ಅವಳದೇ. ಗಂಡನ ಮನೆಗೆ ಬೇರೆ ಏನು ಕೊಡದಿದ್ದರೂ ಪರವಾಗಿಲ್ಲ, ಅದನ್ನ ಮಾತ್ರ ತಗೊಂಡು ಹೋಗ್ತೀನಿ ಅಂತ ಕೂತಿದ್ದಾಳೆ," ಎಂದು ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಅವಳ ಗಂಡ ಲಾರಿಗಳಿಗೆ ಬಣ್ಣ ಬರೆಯುವವನು. ಅವನು ಬರೆದ ತಾವರೆ ನೋಡಲು ಡ್ರೈವರುಗಳು ಲಾರಿ ನಿಲ್ಲಿಸಿ ಇಳಿಯುತ್ತಿದ್ದರಂತೆ. ಆಮೇಲೆ ಅವನಿಗೆ ಕೈ ನಡುಗುವ ಕಾಯಿಲೆ ಬಂತು. ಕೆಲಸ ಹೋಯಿತು. ಲೋಟ ಎತ್ತಿದರೆ ಅರ್ಧ ಕಾಫಿ ನೆಲಕ್ಕೆ. ಒಂದು ದಿನ ಮಗಳು, ಅಪ್ಪಾ ನನ್ನ ಕಾರಿಗೂ ಲಾರಿಯ ಹಾಗೆ ಬರೆದುಕೊಡು ಅಂದಳು. ಅವನು ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡು ಹನ್ನೊಂದು ದಿನ ಬರೆದ. ಹೆಸರಿನ ಮೂರು ಅಕ್ಷರಕ್ಕೇ ಮೂರು ದಿನ ಹಿಡಿಯಿತು. ಮತ್ತೆ ಅವನು ಕುಂಚ ಮುಟ್ಟಲಿಲ್ಲ. ಮುಂದಿನ ವರ್ಷ ತೀರಿಕೊಂಡ.

"ಬೇರೆಯವರಿಗೆ ಸೊಟ್ಟಪಟ್ಟ ಅನ್ನಿಸ್ತದೆ. ನಮಗೆ ಅದೇ ಅವರು," ಎಂದು ಹೇಳಿ ಕಣ್ಣೊರೆಸಿಕೊಂಡು, ನಕ್ಕು, ಅವಳು ಪಕ್ಕದ ಅಂಗಡಿಗೆ ಹೋದಳು.

ಕುಸುರಿಗಾರ ಬಟ್ಟೆ ತೆಗೆದು ನೋಡಿದ. ಬೂದು ಲೋಹ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆ ಇದೆಯಲ್ಲ, ಅದು ಆ ಪುಣ್ಯಾತ್ಮನನ್ನು ನೋಡಿಯೇ ಹುಟ್ಟಿರಬೇಕು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದ. ಬಿಡಲಿಲ್ಲ. ಯಾರಿಗೂ ಬಿಡುವುದಿಲ್ಲ.

ಅವನು ಬಾಗಿಲು ಹಾಕಿಕೊಂಡು ಎರಡು ದಿನ ಒದ್ದಾಡಿದ. ಫೋಟೋಗಳನ್ನು ಮುಂದಿಟ್ಟುಕೊಂಡು ಆ ಸೊಟ್ಟ ಗೀಟನ್ನೇ ಬರೆಯಲು ನೋಡಿದ. ನಡುಕದ ಮನುಷ್ಯ ಹನ್ನೊಂದು ದಿನ ಯಾವ ಗೀಟು ನೆಟ್ಟಗೆ ಬರಲಿ ಎಂದು ಜೀವ ತೇಯ್ದಿದ್ದನೋ, ಆ ಗೀಟನ್ನು ಇವನು ಸೊಟ್ಟ ಮಾಡಲು ಜೀವ ತೇಯ್ದ. ಬರಲಿಲ್ಲ. ಬರೆದರೆ ಕುಡುಕ ಬರೆದ ಹಾಗೆ ಕಾಣುತ್ತಿತ್ತು, ಇಲ್ಲವೇ ಅಣಕಿಸಿದ ಹಾಗೆ. ಎಡಗೈಯಲ್ಲಿ ಬರೆದ. ಹೊಟ್ಟೆಗೆ ಏನೂ ತಿನ್ನದೆ ಬರಿ ಕಾಫಿ ಕುಡಿದು ಕೈ ನಡುಗಿಸಿಕೊಂಡು ಬರೆದ. ಏಳು ಸಲ ಬರೆದ, ಏಳು ಸಲ ಅಳಿಸಿದ. ಸುಳ್ಳು ತುಕ್ಕು ಬರೆದು ಊರನ್ನೇ ನಂಬಿಸಿದ ಕೈ ಇಲ್ಲಿ ಸೋತುಹೋಯಿತು. ಆ ಗೀಟಿನಲ್ಲಿ ಇದ್ದದ್ದು ಕೈಯ ನಡುಕ ಮಾತ್ರ ಅಲ್ಲ, ನಡುಗದೆ ಇರಬೇಕೆಂಬ ಹಟ. ಅದು ಇವನ ಬಳಿ ಎಲ್ಲಿಂದ ಬರಬೇಕು?

ನಾಲ್ಕನೆಯ ದಿನ ಬಂತು. ಅವನು ಹೊಸ ಅಚ್ಚು ಹಾಕಿ ಚಕ್ರ ಕೂರಿಸಿದ. ಗಾಜು, ಬಂಪರು ಜೋಡಿಸಿದ. ಬೂದು ಕಾರನ್ನು ಅದೇ ರವಿಕೆ ಬಟ್ಟೆಯಲ್ಲಿ ಸುತ್ತಿಕೊಂಡು, ಅವಳು ಬರುವ ಮೊದಲು ತಾನೇ ಅವಳ ಮನೆ ಹುಡುಕಿಕೊಂಡು ಹೋದ. ಇದು ಅವನ ಒಳ್ಳೆಯ ಗುಣ ಎಂದು ಯಾರಾದರೂ ಹೇಳಬಹುದು. ದಾರಿಯಲ್ಲಿ ಹೋಗುವಾಗ ನಿಜವನ್ನೇ ಹೇಳಬೇಕು ಎಂದೇ ಅಂದುಕೊಂಡಿದ್ದ. ಹೊಸ್ತಿಲು ದಾಟಿದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ಎದ್ದು, "ಅಯ್ಯೋ, ನೀವ್ಯಾಕೆ ಬರೋಕೆ ಹೋದ್ರಿ ಅಣ್ಣಾ," ಎಂದು ಚಾಪೆ ಹಾಸಿದಳು. ಆ ಮುಖ ನೋಡಿದ. ನಾಲಗೆ ತಾನಾಗಿಯೇ ಹೊರಳಿಕೊಂಡಿತು.

"ಅಮ್ಮಾ, ಕೈತಪ್ಪಾಯಿತು. ಮೇಜಿನ ಮೇಲೆ ಪೇಂಟ್ ರಿಮೂವರ್ ಬಾಟಲಿ ಉರುಳಿಬಿಟ್ಟಿತು. ನಾನು ಊಟಕ್ಕೆ ಹೋಗಿದ್ದೆ. ಬಂದು ನೋಡುವಷ್ಟರಲ್ಲಿ ಎಲ್ಲ ಹೋಗಿತ್ತು."

ಅವಳು ಬಟ್ಟೆ ಬಿಚ್ಚಿದಳು. ಹೆಸರಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತಳು. ಒಳಗಿನಿಂದ ಮಗಳು ಬಂದು ನೋಡಿ, ಕೂಗಾಡಿ, ಮುಖಕ್ಕೆ ಮಂಗಳಾರತಿ ಎತ್ತಿದಳು. ಇವನಿಗೆ ಅದು ಹಿತವಾಗಿತ್ತು. ಇನ್ನೂ ಬೈಯಲಿ ಅನ್ನಿಸಿತು. ಆದರೆ ತಾಯಿ ಮಗಳನ್ನು ತಡೆದಳು.

"ಸುಮ್ನಿರೆ ಸುಗುಣಾ. ಬೇಕೂಂತ ಯಾರಾದರೂ ಮಾಡ್ತಾರಾ? ನಿಮ್ಮಪ್ಪನೂ ಒಂದು ಸಲ ಗಿರಾಕಿ ಲಾರಿ ಮೇಲೆ ಬಣ್ಣದ ಡಬ್ಬ ಚೆಲ್ಲಿ ಬಂದಿರಲಿಲ್ವಾ? ಪಾಪ, ಮುಖ ಹೇಗಾಗಿದೆ ನೋಡು ಅವರದ್ದು. ನಿನ್ನೆಯಿಂದ ಊಟ ಮಾಡಿರೋ ಹಾಗೂ ಕಾಣಲ್ಲ." ಆಮೇಲೆ ಇವನ ಕಡೆ ತಿರುಗಿ, "ತಪ್ಪು ನಂದೇ ಅಣ್ಣಾ. ಇಷ್ಟು ವರ್ಷ ಇಟ್ಟುಕೊಂಡಿದ್ದೆ, ಒಂದು ಫೋಟೋ ಆದರೂ ತೆಗೆಸಿ ಇಡಬೇಕು ಅಂತ ನಂಗೆ ಹೊಳೀಲೇ ಇಲ್ಲ," ಅಂದಳು.

ಆಗ ಅವನ ಅಂಗಡಿಯ ಮೇಜಿನ ಖಾನೆಯಲ್ಲಿ ನಾಲ್ಕು ಫೋಟೋ ಇದ್ದವು. ಲೋಕದಲ್ಲಿ ಆ ಮನುಷ್ಯನ ಕೊನೆಯ ಗೀಟು ಉಳಿದಿದ್ದರೆ ಅಲ್ಲಿ ಮಾತ್ರ. ಕೊಟ್ಟುಬಿಡಬಹುದಿತ್ತು. ಆದರೆ ಆ ಫೋಟೋಗಳಲ್ಲಿ ಕಾರು ಮೇಜಿನ ಮೇಲೆ ನಿಂತಿರಲಿಲ್ಲ. ಗಾಜು ಕಿತ್ತಿತ್ತು, ಕಿಟಕಿಗಳು ಬರಿದಾಗಿದ್ದವು, ಮೈ ತಂತಿಗೆ ನೇತಾಡುತ್ತಿತ್ತು, ಕೆಳಗೆ ಜಾಡಿ ಇತ್ತು. ಚಕ್ರ ಕೂರಿಸಲು ತಳ ಬಿಚ್ಚಿದರೆ ಸಾಕು. ಗಾಜು ಯಾಕೆ ಕೀಳಬೇಕು, ತಂತಿಗೆ ಯಾಕೆ ಹಾಕಬೇಕು? ಬಣ್ಣದವನ ಹೆಂಡತಿ ಅವಳು, ಒಂದೇ ನೋಟಕ್ಕೆ ತಿಳಿದುಕೊಳ್ಳುತ್ತಾಳೆ. ಫೋಟೋ ಕೊಟ್ಟರೆ ಗೀಟಿನ ಜೊತೆಗೆ ನಿಜವನ್ನೂ ಕೊಡಬೇಕಾಗುತ್ತದೆ. ಅವನು ತಲೆ ತಗ್ಗಿಸಿಕೊಂಡು ಕೂತ. ಅವಳು ಕೊಟ್ಟ ಮಜ್ಜಿಗೆ ಕುಡಿದು ಎದ್ದು ಬಂದ.

ಇಲ್ಲಿಯವರೆಗೆ ಕೇಳಿದ ಗುರುಸಿದ್ಧ, ಬಾಯಿ ಹಾಕಬೇಡ ಅಂದಿದ್ದರೂ ತಡೆಯಲಾರದೆ, "ಪಾಪ" ಅಂದ.

"ಪಾಪ ಅನ್ನಬೇಡ!" ಗುರುಗಳ ಧ್ವನಿ ಏರಿತು. ಜಗಲಿಯ ಕೆಳಗೆ ಕಸ ಗುಡಿಸುತ್ತಿದ್ದವರು ತಿರುಗಿ ನೋಡಿದರು. "ಪಾಪ ಎಂದು ಅವಳೂ ಅಂದಳು. ಅದರಿಂದಲೇ ಅವನು ಕೆಟ್ಟ. ಪೂರ್ತಿ ಕೇಳು."

ಆಮೇಲೆ ಅವರು ಧ್ವನಿ ತಗ್ಗಿಸಿ ಮುಂದುವರಿಸಿದರು.

ಅವನು ಮದುವೆಗೆ ಹೋಗಬಾರದಿತ್ತು. ಹೋಗದಿದ್ದರೆ ಏನಾದರೂ ಅಂದುಕೊಂಡಾರು ಎಂದು ಹೋದ. ಹಿಂದಿನ ಸಾಲಿನಲ್ಲಿ ಕೂತಿದ್ದವನನ್ನು ಅವಳು ಹುಡುಕಿಕೊಂಡು ಬಂದು ಎಬ್ಬಿಸಿ, ಮೊದಲ ಪಂಕ್ತಿಯಲ್ಲಿ ನೆಂಟರ ಜೊತೆ ಕೂರಿಸಿದಳು. ಹೋಳಿಗೆಯನ್ನು ತಾನೇ ತಂದು ಬಡಿಸಿದಳು. ಬೀಗರಿಗೆ ತೋರಿಸಿ ಹೇಳಿದಳು. "ಇವರೇ ನೋಡಿ ಆ ಅಣ್ಣ. ಕೈತಪ್ಪಿ ಆಗಿದ್ದನ್ನ ಮುಚ್ಚಿಡಬಹುದಿತ್ತು. ಮನೆವರೆಗೂ ನಡೆದು ಬಂದು ಇದ್ದದ್ದು ಇದ್ದ ಹಾಗೆ ಹೇಳಿದ್ರು. ಈಗಿನ ಕಾಲದಲ್ಲಿ ಯಾರು ಹೇಳ್ತಾರೆ?"

ಬೀಗರು ಕೈ ಮುಗಿದರು. ಕೋಪ ಇಳಿದಿದ್ದ ಮಗಳೂ ಗಂಡನನ್ನು ಕರೆದುಕೊಂಡು ಬಂದು ಅವನ ಕಾಲು ಮುಟ್ಟಿದಳು. ಅವನ ಎಲೆಯ ಮೇಲೆ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ತುತ್ತು ಬಾಯಿಗಿಟ್ಟ. ಮಣ್ಣು ಅಗಿದ ಹಾಗಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಸುತ್ತ ಜನ ಅವನ ಪ್ರಾಮಾಣಿಕತೆಯ ಮಾತಾಡುತ್ತಿದ್ದರು. ಈಗಲಾದರೂ ಎದ್ದು ನಿಂತು ಹೇಳಿಬಿಡಬೇಕು ಅನ್ನಿಸಿತು. ಮದುವೆ ಮನೆಯಲ್ಲಿ ಬೇಡ, ನಾಳೆ ಹೇಳೋಣ ಎಂದು ಮನಸ್ಸು ಮತ್ತೆ ಉಪಾಯ ಹೇಳಿಕೊಟ್ಟಿತು. ನಾಳೆ ಬಂದಾಗ, ಮಗಳನ್ನು ಕಳಿಸಿ ತಾಯಿ ದುಃಖದಲ್ಲಿದ್ದಾಳೆ, ಇವತ್ತು ಬೇಡ ಅಂತು. ಅದರ ಮಾರನೆಯ ದಿನವೂ ಒಂದು ಕಾರಣ ಹುಟ್ಟಿತು. ಕಾರಣಗಳಿಗೆ ಬರವೇ?

ನೀನು ಕೇಳಿದ್ದಕ್ಕೆ ಉತ್ತರ ಇಲ್ಲಿದೆ, ನೋಡು. ಅವಳು ಕ್ಷಮಿಸಿದಳು, ಸುಳ್ಳಲ್ಲ. ಮನಸಾರೆ ಕ್ಷಮಿಸಿದಳು. ಆದರೆ ಅವಳು ಕ್ಷಮಿಸಿದ್ದು ಬಾಟಲಿ ಉರುಳಿಸಿದವನನ್ನು. ಅಂಥವನು ಒಬ್ಬ ಇರಲೇ ಇಲ್ಲ. ಮುಟ್ಟಬೇಡಿ ಅಂದದ್ದನ್ನು ಬೇಕೆಂದೇ ಮುಟ್ಟಿದವನು ಒಬ್ಬ ಇದ್ದನಲ್ಲ, ಅವನ ಹೆಸರು ಅವಳ ಕಿವಿಗೆ ಬೀಳಲೇ ಇಲ್ಲ. ಹಾಗಿರುವಾಗ ಅವನ ನಾಚಿಕೆ ಎಲ್ಲಿಗೆ ಹೋಗಬೇಕು?

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಗುರುಸಿದ್ಧ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ದಾಸೋಹದ ಕಡೆಯಿಂದ ಪಾತ್ರೆಗಳ ಸದ್ದು ಬರುತ್ತಿತ್ತು. ಪುಟ್ಟಮಾದಪ್ಪ ಯಾರಿಗೋ ಸೌದೆ ತರಲು ಕೂಗಿ ಹೇಳುತ್ತಿದ್ದ. ಆ ದನಿ ಕಿವಿಗೆ ಬಿದ್ದದ್ದೇ ಗುರುಸಿದ್ಧನಿಗೆ ತಡೆಯಲಾಗಲಿಲ್ಲ.

"ಬುದ್ಧಿ, ನಾನು ಮರೆತಿರಲಿಲ್ಲ," ಅಂದ. "ಫೋನ್ ಇಟ್ಟ ಕೂಡಲೇ ಎದ್ದು ಅಡುಗೆಮನೆ ಬಾಗಿಲವರೆಗೂ ಹೋಗಿದ್ದೆ. ಎರಡು ದಿನಕ್ಕೆ ದೊಡ್ಡ ಗುರುಗಳ ಸ್ಮರಣೆ, ಸಾವಿರ ಜನಕ್ಕೆ ಊಟ. ಇವನು ಹೋದರೆ ಅಡುಗೆ ಮಾಡುವವರು ಯಾರು, ಏರ್ಪಾಡು ಕೆಟ್ಟರೆ ಎಲ್ಲರೂ ನನ್ನನ್ನೇ ಅನ್ನುತ್ತಾರೆ ಅನ್ನಿಸಿತು. ಕಾಯಿಲೆಯವನು ಎರಡು ದಿನ ಇರುತ್ತಾನೆ ಬಿಡು ಎಂದು ತಿರುಗಿ ಬಂದೆ. ಊಟ ಚೆನ್ನಾಯಿತು. ಎಲ್ಲರೂ ನನ್ನ ಏರ್ಪಾಡು ಹೊಗಳಿದರು." ಅವನು ಬಿಕ್ಕಿದ. "ಅವನು ಒಲೆ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದಾಗ ಅಲ್ಲಿ ಅವನ ಅಣ್ಣ ದಾರಿ ನೋಡುತ್ತಿದ್ದ. ಥೂ, ನನ್ನ ಜನ್ಮಕ್ಕೆ."

ಗುರುಗಳು ಅವನನ್ನು ಸಮಾಧಾನ ಮಾಡಲಿಲ್ಲ. ಬೆನ್ನು ಸವರಲಿಲ್ಲ.

"ಇದನ್ನು ನನಗೆ ಹೇಳಿ ಏನು ಬಂತು?" ಅಂದರು. "ಸತ್ತದ್ದು ನನ್ನ ಅಣ್ಣನಲ್ಲ. ಅಡುಗೆಮನೆ ಆ ಕಡೆ ಇದೆ."

"ಈ ಸಲ ಅವನು ಕ್ಷಮಿಸುವುದಿಲ್ಲ ಬುದ್ಧಿ."

"ಕ್ಷಮಿಸದೆ ಇರಬಹುದು. ಅದು ಅವನಿಗೆ ಬಿಟ್ಟದ್ದು."

ಗುರುಸಿದ್ಧ ಕಣ್ಣೊರೆಸಿಕೊಂಡು ಎದ್ದ. ಎಂದಿನಂತೆ ಗುರುಗಳ ಪಾದ ಮುಟ್ಟಲು ಬಗ್ಗಿದ. ಗುರುಗಳು ಕಾಲು ಹಿಂದಕ್ಕೆ ಎಳೆದುಕೊಂಡರು. ಯಾಕೆಂದು ಅವನಿಗೆ ತಿಳಿಯಲಿಲ್ಲ. ದಾಸೋಹದ ಕಡೆ ಹೊರಟ. ಹತ್ತು ಹೆಜ್ಜೆ ಹೋದವನಿಗೆ ಧೈರ್ಯ ಸಾಲಲಿಲ್ಲ. ಆ ಕತೆಯವನು ಕೊನೆಗಾದರೂ ದಡ ಸೇರಿದ್ದನ್ನು ಕೇಳಿಸಿಕೊಂಡರೆ ತನಗೂ ಸ್ವಲ್ಪ ಬಲ ಬರುತ್ತದೆ ಅನ್ನಿಸಿ, ತಿರುಗಿ ಬಂದು ಜಗಲಿಯ ಕೆಳಗೆ ನಿಂತ.

"ಬುದ್ಧಿ, ಆ ಕುಸುರಿಗಾರ ಆಮೇಲೆ ಫೋಟೋಗಳನ್ನು ಕೊಟ್ಟನೇ? ಅವಳಿಗೆ ನಿಜ ಹೇಳಿದನೇ?"

ಗುರುಗಳು ಮೊದಲ ಸಲ ಶಿಷ್ಯನ ಮುಂದೆ ತಲೆ ತಗ್ಗಿಸಿದರು.

"ಇಲ್ಲ ಕಣಪ್ಪಾ, ಹೇಳಲಾರದೆ ಊರು ಬಿಟ್ಟು ಬಂದು ಕಾವಿ ಉಟ್ಟ, ದಿನಾ ಬೆಳಿಗ್ಗೆ ನೀನು ಅವನ ಕಾಲಿಗೇ ಬೀಳುತ್ತಿದ್ದೀಯ."